ಜಗಲಿ ಮೇಲೆ ಕಾಣುವ ಮಕ್ಕಳು, ಅಟ್ಟದಲ್ಲಿ ಅಡಗಿರುವವನು: ಪಾರ್ಕಿನ್‌ಸನ್ಸ್ ಜೊತೆ ಬರುವ ಭ್ರಮೆಗೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 76 ವರ್ಷ. ಒಂಬತ್ತು ವರ್ಷದಿಂದ ಪಾರ್ಕಿನ್‌ಸನ್ಸ್ ಇದೆ. ಸಿಂಡೋಪಾ ಪ್ಲಸ್ 125 ದಿನಕ್ಕೆ ನಾಲ್ಕು, ಪ್ರಾಮಿಪೆಕ್ಸೋಲ್ 0.5 ಮಿ.ಗ್ರಾಂ ಮೂರು ಹೊತ್ತು, ಪ್ಯಾಸಿಟೇನ್ 2 ಮಿ.ಗ್ರಾಂ ಎರಡು ಹೊತ್ತು ನಡೆಯುತ್ತಿತ್ತು. ಮೂರು ತಿಂಗಳ ಹಿಂದೆ ಅಮಾಂಟಡಿನ್ 100 ಎರಡು ಹೊತ್ತು ಸೇರಿಸಿದರು. ನೆಂಟರೊಬ್ಬರು ಹೇಳಿದರೆಂದು ನಸುಗುನ್ನಿ ಪುಡಿಯನ್ನೂ ದಿನಾ ಒಂದು ಚಮಚ ಹಾಲಿಗೆ ಹಾಕಿ ಕೊಡುತ್ತಿದ್ದೇವೆ. ಎರಡು ತಿಂಗಳಿಂದ ಸಂಜೆಯಾದರೆ ಜಗಲಿ ಮೇಲೆ ಮೂರು ಮಕ್ಕಳು ಕೂತಿದ್ದಾರೆ ಅನ್ನುತ್ತಾರೆ. ಹೆದರಿಕೆಯಿಲ್ಲ, 'ಪಾಪ, ಏನಾದರೂ ತಿನ್ನಲಿಕ್ಕೆ ಕೊಡಿ' ಅನ್ನುತ್ತಾರೆ ಅಷ್ಟೆ. ಆದರೆ ಈಗ ಹದಿನೈದು ದಿನದಿಂದ ಅಮ್ಮನ ಮೇಲೆ ಅನುಮಾನ. ಅಟ್ಟದಲ್ಲಿ ಯಾರನ್ನೋ ಅಡಗಿಸಿ ಇಟ್ಟುಕೊಂಡಿದ್ದಾಳೆ ಅಂತ ಬಾಯಿಗೆ ಬಂದದ್ದು ಅನ್ನುತ್ತಾರೆ. ಅಮ್ಮನಿಗೆ 70. ಯಾರಿಗೂ ಹೇಳಿಕೊಳ್ಳಲಾರದೆ ನನಗೆ ಫೋನ್ ಮಾಡಿ ಅತ್ತರು. ಗಾಳಿ ಸೋಕಿದೆ, ಅಂತ್ರ ಕಟ್ಟಿಸಿ ಅಂತ ಊರವರು. ಹತ್ತಿರದ ಕ್ಲಿನಿಕ್ಕಿನಲ್ಲಿ ಹ್ಯಾಲೋಪೆರಿಡಾಲ್ ಬರೆದುಕೊಟ್ಟರು. ಮೂರನೇ ದಿನಕ್ಕೆ ಅಪ್ಪಯ್ಯ ಮಂಚದಿಂದ ಏಳಲಿಲ್ಲ, ಗಂಜಿ ನುಂಗುವುದೂ ಕಷ್ಟವಾಯಿತು, ನಿಲ್ಲಿಸಿದೆವು. ಅವರಿಗೆ ಹುಚ್ಚು ಹಿಡಿಯಿತೇ? ಇದೆಲ್ಲ ಮಾತ್ರೆಗಳಿಂದಲೇ ಆಗಿದ್ದರೆ ಪಾರ್ಕಿನ್‌ಸನ್ಸ್ ಮಾತ್ರೆಗಳನ್ನೇ ನಿಲ್ಲಿಸಿಬಿಡಬಹುದೇ?
— ಹೆಸರು ಬೇಡ, ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಮೊದಲು ತುರ್ತಿನ ವಿಷಯ. ಹ್ಯಾಲೋಪೆರಿಡಾಲ್ ನಿಲ್ಲಿಸಿದ್ದು ಸರಿ. ಇನ್ನು ಮುಂದೆ ಯಾರು ಬರೆದುಕೊಟ್ಟರೂ ಕೊಡಬೇಡಿ. ಮಾತ್ರೆ ನಿಲ್ಲಿಸಿದ ದಿನವೇ ಅದರ ಬಿಗಿತ ಇಳಿಯುವುದಿಲ್ಲ. ಕೆಲವು ದಿನ ಬೇಕು, ಒಮ್ಮೊಮ್ಮೆ ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಅಪಾಯವಿರುವುದು ನುಂಗುವುದರಲ್ಲಿ. ಮಲಗಿಸಿಕೊಂಡು ಏನನ್ನೂ ಕುಡಿಸಬೇಡಿ. ನೆಟ್ಟಗೆ ಕೂರಿಸಿ, ಗಲ್ಲವನ್ನು ತುಸು ಎದೆಯ ಕಡೆ ಬಾಗಿಸಿ, ಒಂದೊಂದೇ ಚಮಚ ಕೊಡಿ. ತೆಳ್ಳಗಿನ ನೀರಿಗಿಂತ ರಾಗಿ ಅಂಬಲಿಯಷ್ಟು ಮಂದವಾದದ್ದು ಸುಲಭವಾಗಿ ಇಳಿಯುತ್ತದೆ. ಉಣ್ಣುವಾಗ ಕೆಮ್ಮು, ಉಂಡ ಮೇಲೆ ಗಂಟಲಿನಲ್ಲಿ ಗೊರಗೊರ ಅನ್ನುವ ದನಿ ಇದ್ದರೆ ಶ್ವಾಸನಾಳಕ್ಕೆ ಹೋಗುತ್ತಿದೆ ಎಂದು ತಿಳಿದು ಡಾಕ್ಟರಿಗೆ ತೋರಿಸಿ. ಜ್ವರ ಬಂದು, ಮೈ ಮರದ ಕೊರಡಿನಂತೆ ಬಿಗಿದು, ಬೆವರು ಕಿತ್ತುಕೊಂಡು, ಕರೆದರೆ ಸರಿಯಾಗಿ ಓಗೊಡದೆ ಇದ್ದರೆ ಅದೇ ಗಳಿಗೆಯಲ್ಲಿ ದೊಡ್ಡಾಸ್ಪತ್ರೆ. ನಾಳೆ ನೋಡೋಣ ಅನ್ನುವ ಮಾತಿಲ್ಲ.

ಪಾರ್ಕಿನ್‌ಸನ್ಸ್ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೂ ಆಗುವುದು ಇದೇ ಜ್ವರ, ಇದೇ ಬಿಗಿತ. ಪ್ರಾಣಕ್ಕೆ ಕುತ್ತು ಬಂದದ್ದಿದೆ. ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಬೇಡ, ಖಂಡಿತ ಬೇಡ. ಕಡಿಮೆ ಮಾಡಬೇಕಾದದ್ದು ಇದೆ, ಅದಕ್ಕೊಂದು ಕ್ರಮವಿದೆ. ಅದನ್ನೇ ಮುಂದೆ ಹೇಳುತ್ತೇನೆ.

ಇನ್ನು 'ಹುಚ್ಚು' ಎಂಬ ಮಾತು. ಅರವತ್ತಕ್ಕೆ ಅರಳು ಮರಳು ಎಂದು ನಗೆಯಾಡಿ ಬಿಡುವವರೂ, ಗಾಳಿ ಎಂದು ಹೆದರುವವರೂ ಒಂದೇ ತಪ್ಪು ಮಾಡುತ್ತಾರೆ. ಇದು ಕಾಯಿಲೆಯದೇ ಒಂದು ಭಾಗ ಎನ್ನುವುದನ್ನು ಮರೆಯುತ್ತಾರೆ. ಪಾರ್ಕಿನ್‌ಸನ್ಸ್ ಎಂದರೆ ಕೈ ನಡುಗುವುದು ಅಂತ ಮಾತ್ರ ನಮಗೆ ಗೊತ್ತು. ಆದರೆ ವರ್ಷಗಳುರುಳಿದಂತೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಬಗೆಯ ಭ್ರಮೆ ಬಂದೇ ಬರುತ್ತದೆ. ಹೆಚ್ಚಿನವರು ಹೇಳಿಕೊಳ್ಳುವುದಿಲ್ಲ. ಹುಚ್ಚ ಅಂದಾರು ಎಂಬ ಭಯ. ನಿಮ್ಮ ಅಪ್ಪಯ್ಯನಿಗೂ ಮಕ್ಕಳು ಕಾಣುವ ಮೊದಲೇ ಬೇರೆ ಏನೋ ಶುರುವಾಗಿದ್ದೀತು, ಕೇಳಿ ನೋಡಿ. ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸುವುದು, ಕಣ್ಣಂಚಿನಲ್ಲಿ ಬೆಕ್ಕೋ ಇಲಿಯೋ ಸರಕ್ಕನೆ ಹಾದುಹೋದಂತೆ ಆಗುವುದು, ಗೂಟಕ್ಕೆ ನೇತುಹಾಕಿದ ಅಂಗಿ ಮನುಷ್ಯನಂತೆ ಕಾಣುವುದು, ಮೊಸಾಯಿಕ್ ನೆಲದ ಚುಕ್ಕಿಗಳಲ್ಲಿ ಮುಖಗಳು ಮೂಡುವುದು. ಇವು ಮೊದಲ ಹಂತ. ಆಮೇಲೆ ಮಕ್ಕಳು, ಕುಳ್ಳಗಿನ ಮನುಷ್ಯರು, ಪ್ರಾಣಿಗಳು ಸ್ಪಷ್ಟವಾಗಿ ಕಾಣತೊಡಗುತ್ತವೆ. ಸಾಮಾನ್ಯವಾಗಿ ಮಾತಾಡುವುದಿಲ್ಲ, ಸುಮ್ಮನೆ ಕೂತಿರುತ್ತವೆ, ಹತ್ತಿರ ಹೋದರೆ ಮಾಯ. ಇದರಲ್ಲಿ ಕಿವಿಗಿಂತ ಕಣ್ಣಿನ ಭ್ರಮೆಯೇ ಹೆಚ್ಚು. ಕಿವಿಗೆ ಕೇಳಿದರೂ ಪಕ್ಕದ ಕೋಣೆಯಲ್ಲಿ ರೇಡಿಯೋ ಹಚ್ಚಿದಂತೆ ಅಸ್ಪಷ್ಟವಾಗಿರುತ್ತದೆ. ಸತ್ತವರು ಕಂಡರಂತೂ ಮನೆಯವರು ಪಿತೃಪಕ್ಷದ ಲೆಕ್ಕ ಹಾಕಲು ಶುರು ಮಾಡುತ್ತಾರೆ. ತೀರಿಹೋದ ಅಕ್ಕನೋ ಅಣ್ಣನೋ ಕಾಣುವುದು ಈ ಕಾಯಿಲೆಯಲ್ಲಿ ಹೊಸತೇನಲ್ಲ. ದೇವರಿಗೆ ಹರಕೆ ಹೊತ್ತರೆ ನನ್ನ ಅಡ್ಡಿಯಿಲ್ಲ. ಆದರೆ ಉಪವಾಸ ಕೆಡವುವುದು, ಹೊಗೆ ಹಾಕುವುದು, ರಾತ್ರಿಯಿಡೀ ನಿದ್ದೆಗೆಡಿಸುವುದು ಈ ಮೂರೂ ಭ್ರಮೆಯನ್ನು ಇಮ್ಮಡಿ ಮಾಡುತ್ತವೆ.

ಏಕೆ ಹೀಗಾಗುತ್ತದೆ? ಮೂರು ಎಳೆ ಕೂಡಿಕೊಂಡಿವೆ. ಒಂದು, ಕಾಯಿಲೆ ಮಿದುಳಿನ ಆಳದಿಂದ ಹೊರಪದರಕ್ಕೆ ಹಬ್ಬಿ, ಕಣ್ಣು ಕಂಡದ್ದಕ್ಕೆ ಅರ್ಥ ಕೊಡುವ ಭಾಗವನ್ನು ಮುಟ್ಟುತ್ತದೆ. ಅಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ, ಸೆರೊಟೋನಿನ್ ತೂಕ ತಪ್ಪುತ್ತದೆ. ಎರಡು, ಕೈಕಾಲು ಆಡಲೆಂದು ನಾವು ಕೊಡುವ ಡೋಪಮಿನ್ ಮಾತ್ರೆಗಳು ಕೈಕಾಲಿನ ದಾರಿಗಷ್ಟೇ ಹೋಗುವುದಿಲ್ಲ, ಭಾವನೆ ಮತ್ತು ನಂಬಿಕೆಯ ದಾರಿಗೂ ಸುರಿಯುತ್ತವೆ. ಮೂರು, ಕಣ್ಣು. ಪೊರೆ ಬಂದ ಕಣ್ಣಿಗೆ ಮಬ್ಬು ಬೆಳಕಿನಲ್ಲಿ ಅರೆಬರೆ ಕಂಡದ್ದನ್ನು ಮಿದುಳು ತನ್ನ ನೆನಪಿನಿಂದ ತುಂಬಿಸಿಕೊಳ್ಳುತ್ತದೆ. ಸಂಜೆ ಜಗಲಿಯಲ್ಲಿ, ಅಡಿಕೆ ಗರಿಯ ನೆರಳು ಆಡುವ ಹೊತ್ತಿಗೆ ಮಕ್ಕಳು ಬರುವುದು ಕಾಕತಾಳೀಯವಲ್ಲ. 'ಎಲ್ಲ ಮಾತ್ರೆಯ ದೋಷ' ಎನ್ನುವುದು ಅರ್ಧ ಸತ್ಯ ಮಾತ್ರ. ಒಂದೂ ಮಾತ್ರೆ ನುಂಗದ ಪಾರ್ಕಿನ್‌ಸನ್ಸ್ ರೋಗಿಗಳಲ್ಲೂ ಸಣ್ಣಪುಟ್ಟ ಭ್ರಮೆ ಕಂಡುಬಂದಿದೆ.

ಈಗ ಒಂದು ಭೇದ ಮಾಡಿಕೊಳ್ಳೋಣ. ಜಗಲಿಯ ಮಕ್ಕಳು ಬೇರೆ, ಅಟ್ಟದವನು ಬೇರೆ. ಮೊದಲನೆಯದು ಇಲ್ಲದ್ದನ್ನು ಕಾಣುವುದು. ಎರಡನೆಯದು ಇಲ್ಲದ್ದನ್ನು ನಂಬುವುದು. ಮಕ್ಕಳು ಕಂಡಾಗ ನಿಮ್ಮ ಅಪ್ಪಯ್ಯ ಕನಿಕರ ತೋರಿಸುತ್ತಾರೆ, ಯಾರಿಗೂ ತೊಂದರೆಯಿಲ್ಲ. ಅದಕ್ಕೆಂದು ಮಾತ್ರೆ ಸೇರಿಸಬೇಕಾಗಿಲ್ಲ. ಅಟ್ಟದವನ ವಿಷಯ ಹಾಗಲ್ಲ. ಹೆಂಡತಿಯ ಶೀಲ ಶಂಕಿಸುವುದು ಈ ಕಾಯಿಲೆಯಲ್ಲಿ ಬರುವ ಸುಳ್ಳು ನಂಬಿಕೆಗಳಲ್ಲಿ ಬಹಳ ಸಾಮಾನ್ಯವಾದದ್ದು. ದುಡ್ಡು ಕದಿಯುತ್ತಾರೆ, ಮನೆಯಲ್ಲಿ ಯಾರೋ ಬಿಟ್ಟಿ ಬಿದ್ದಿದ್ದಾರೆ, ಇವಳು ನನ್ನ ಹೆಂಡತಿಯಲ್ಲ ಅವಳಂತೆ ವೇಷ ಹಾಕಿದವಳು ಎನ್ನುವುದೂ ಉಂಟು. ಇವು ಬಂದಾಗ ಏಟು, ಬೈಗುಳ, ಮನೆ ಬಿಟ್ಟು ಹೋಗುವುದು ಎಲ್ಲಕ್ಕೂ ದಾರಿ. ಚಿಕಿತ್ಸೆಯ ಗುರಿ ಮಕ್ಕಳನ್ನು ಓಡಿಸುವುದಲ್ಲ, ಅಟ್ಟದವನನ್ನು ಇಳಿಸುವುದು. ಇಷ್ಟು ಗುರಿ ಇಟ್ಟುಕೊಂಡರೆ ಔಷಧ ಕಡಿಮೆ ಸಾಕಾಗುತ್ತದೆ, ಅಡ್ಡ ಪರಿಣಾಮವೂ ಕಡಿಮೆ.

ಮಾತ್ರೆ ಮುಟ್ಟುವ ಮೊದಲು

ಹದಿನೈದೇ ದಿನದಲ್ಲಿ ಸ್ಥಿತಿ ಜಾರಿದೆ ಅಂದಿರಿ. ಹೀಗೆ ಬೇಗ ಜಾರಿದರೆ ಮೊದಲು ಹುಡುಕಬೇಕಾದದ್ದು ಮೈಯೊಳಗಿನ ಇನ್ನೊಂದು ಕಾಯಿಲೆ. ಹಳಬರು ಸನ್ನಿ ಎನ್ನುತ್ತಿದ್ದುದು, ನಾವು ಡೆಲಿರಿಯಂ ಎನ್ನುವುದು ಇದೇ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ವಾರಗಳ ಹೆಸರನ್ನು ಶನಿವಾರದಿಂದ ಹಿಂದುಮುಂದಾಗಿ ಹೇಳಿಸಿ. ಮೊದಲು ಹೇಳಬಲ್ಲವರಾಗಿದ್ದು ಈಗ ಎರಡನೇ ಹೆಸರಿಗೇ ತಪ್ಪಿಹೋದರೆ, ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಮಂಪರಾದರೆ ಅದು ಸನ್ನಿ ಇರಬಹುದು. ಬರೀ ಪಾರ್ಕಿನ್‌ಸನ್ಸ್ ಭ್ರಮೆಯಾದರೆ ಗಮನ ಇಷ್ಟು ಚೆದುರುವುದಿಲ್ಲ.

ಮಾಡಿಸಬೇಕಾದ ಪರೀಕ್ಷೆಗಳು ತಾಲ್ಲೂಕು ಮಟ್ಟದ ಲ್ಯಾಬಿನಲ್ಲೇ ಬಹುಪಾಲು ಆಗುತ್ತವೆ: ಮೂತ್ರ ಪರೀಕ್ಷೆ ಮತ್ತು ಕಲ್ಚರ್, ರಕ್ತಕಣಗಳ ಎಣಿಕೆ, ಸೋಡಿಯಂ, ಕ್ರಿಯಾಟಿನಿನ್, ಸಕ್ಕರೆ, ಥೈರಾಯ್ಡ್, ಬಿ12. ಮೂತ್ರದ ಸೋಂಕು ವಯಸ್ಸಾದವರಲ್ಲಿ ಜ್ವರವಿಲ್ಲದೆ, ಉರಿಯಿಲ್ಲದೆ ಬರಿಯ ಭ್ರಮೆಯಾಗಿ ಕಾಣಿಸಿಕೊಳ್ಳುವುದು ತೀರಾ ಮಾಮೂಲು. ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ನುಂಗುತ್ತಿದ್ದರೆ ಸೋಡಿಯಂ ಇಳಿದಿರಬಹುದು. ಈಚೆಗೆ ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಗಾಯ ಕಾಣದಿದ್ದರೂ, ಸಿಟಿ ಸ್ಕ್ಯಾನ್ ಮಾಡಿಸಿ. ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಕಟ್ಟಿಕೊಳ್ಳಲು ವಾರಗಳೇ ಬೇಕಾಗುತ್ತವೆ.

ಈ ಪಟ್ಟಿಯಲ್ಲಿ ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್‌ಗೆ ನಾನು ಒತ್ತು ಕೊಡುತ್ತೇನೆ. ನಿಮ್ಮ ಅಪ್ಪಯ್ಯ ನುಂಗುವ ಅಮಾಂಟಡಿನ್ ಮತ್ತು ಪ್ರಾಮಿಪೆಕ್ಸೋಲ್ ಎರಡೂ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. 76ರ ಮೂತ್ರಪಿಂಡ 46ರದ್ದಲ್ಲ. ನೀರು ಕಡಿಮೆ ಕುಡಿದರಂತೂ ಇವು ರಕ್ತದಲ್ಲಿ ನಿಂತುಬಿಡುತ್ತವೆ. ಚೀಟಿಯಲ್ಲಿ 100 ಎಂದು ಬರೆದಿದ್ದರೂ ದೇಹಕ್ಕೆ ಅದು ಎಷ್ಟೋ ಹೆಚ್ಚಾಗಿ ಮುಟ್ಟುತ್ತದೆ.

ಮಲಬದ್ಧತೆಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ನಾಲ್ಕು ದಿನ ಹೊಟ್ಟೆ ಕಟ್ಟಿದರೆ ಸಿಂಡೋಪಾದೊಳಗಿನ ಮುಖ್ಯ ಮದ್ದಾದ ಲೆವೊಡೋಪಾವನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕೈಕಾಲು ಬಿಗಿಯುತ್ತದೆ, ಬಿಗಿಯಿತೆಂದು ಡೋಸ್ ಏರಿಸುತ್ತಾರೆ, ಹೊಟ್ಟೆ ಸಡಿಲವಾದ ದಿನ ಏರಿಸಿದ ಡೋಸ್ ಎಲ್ಲ ಒಟ್ಟಿಗೆ ತಲೆಗೆ ಏರುತ್ತದೆ. ದಿನಕ್ಕೆ ಒಂದೂವರೆ ಲೀಟರ್ ನೀರು (ಹೃದಯದ ಡಾಕ್ಟರು ಕಡಿಮೆ ಕುಡಿಯಿರಿ ಎನ್ನದಿದ್ದರೆ), ಸೊಪ್ಪು, ಹಣ್ಣು. ಸಾಲದಿದ್ದರೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ 17 ಗ್ರಾಂ ಒಂದು ಲೋಟ ನೀರಿಗೆ, ಡಾಕ್ಟರನ್ನು ಕೇಳಿ.

ಇನ್ನು ಆ ನಸುಗುನ್ನಿ ಪುಡಿ. ಇದೊಂದನ್ನು ಇಂದೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಹೇಳಿ. 'ಗಿಡಮೂಲಿಕೆ ತಾನೆ' ಎಂದು ಬಹಳ ಮನೆಗಳಲ್ಲಿ ಮುಚ್ಚಿಡುತ್ತಾರೆ. ನಸುಗುನ್ನಿ ಬೀಜದಲ್ಲಿ ಇರುವುದು ಲೆವೊಡೋಪಾವೇ, ಸಿಂಡೋಪಾದಲ್ಲಿ ಇರುವ ಅದೇ ವಸ್ತು. ಅದನ್ನು ಬೀಜದಿಂದ ಬೇರ್ಪಡಿಸಿದ್ದು ನಮ್ಮ ದೇಶದವರೇ, 1937ರಲ್ಲಿ. ಬೀಜದ ತೂಕದಲ್ಲಿ ಸುಮಾರು ಶೇಕಡಾ 3ರಿಂದ 6ರಷ್ಟು ಲೆವೊಡೋಪಾ ಇರುತ್ತದೆ. 5 ಗ್ರಾಂನ ಒಂದು ಚಮಚ ಎಂದರೆ 150ರಿಂದ 300 ಮಿ.ಗ್ರಾಂ ಆಯಿತು. ಒಂದು ಸಿಂಡೋಪಾ ಪ್ಲಸ್‌ನಲ್ಲಿ ಇರುವುದು 100. ಬರೀ ಪುಡಿ ತಿಂದರೆ ಅದರ ಬಹುಪಾಲು ಹೊಟ್ಟೆ ಮತ್ತು ರಕ್ತದಲ್ಲೇ ಕರಗಿಹೋಗುತ್ತದೆ, ನಿಜ. ಆದರೆ ಅದೇ ಹೊತ್ತಿಗೆ ಮಾತ್ರೆಯೊಳಗಿನ ಕಾರ್ಬಿಡೋಪಾ ಹೊಟ್ಟೆಯಲ್ಲಿದ್ದರೆ ಅದು ಪುಡಿಯ ಲೆವೊಡೋಪಾವನ್ನೂ ಕಾಪಾಡಿ ಮಿದುಳಿಗೆ ಸಾಗಿಸುತ್ತದೆ. ಲೆಕ್ಕವಿಲ್ಲದ ಡೋಸ್ ಇದು. ಒಂದು ಪೊಟ್ಟಣದಂತೆ ಇನ್ನೊಂದಿಲ್ಲ. ಆಯುರ್ವೇದವನ್ನು ಹಳಿಯಲು ಹೇಳುತ್ತಿಲ್ಲ. ಕೆಲಸ ಮಾಡುವ ಮದ್ದಾದ್ದರಿಂದಲೇ ಎರಡೆರಡು ಕಡೆಯಿಂದ ಕೊಡಬಾರದು ಎನ್ನುತ್ತಿದ್ದೇನೆ. ತಿಂಗಳುಗಟ್ಟಲೆ ಕೊಟ್ಟಿದ್ದರೆ ಇದನ್ನೂ ಒಂದೇ ದಿನ ನಿಲ್ಲಿಸದೆ ಒಂದು ವಾರ ಅರ್ಧ, ಇನ್ನೊಂದು ವಾರ ಕಾಲು ಎಂದು ಇಳಿಸುವುದು ಕ್ಷೇಮ.

ಅಂಗಡಿಯಿಂದ ತಂದ ಬೇರೆ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ಶೀತಕ್ಕೆ ಕೊಡುವ ಕ್ಲೋರ್‌ಫೆನಿರಮಿನ್, ತುರಿಕೆಗೆ ಕೊಡುವ ಅವಿಲ್, ಹೊಟ್ಟೆನೋವಿಗೆ ಡೈಸೈಕ್ಲೊಮಿನ್, ಪದೇ ಪದೇ ಮೂತ್ರಕ್ಕೆ ಹೋಗುವುದಕ್ಕೆ ಆಕ್ಸಿಬ್ಯುಟಿನಿನ್, ನಿದ್ದೆಗೆ ಅಮಿಟ್ರಿಪ್ಟಿಲಿನ್, ನೋವಿಗೆ ಟ್ರಮಡಾಲ್. ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಮುದಿ ಮಿದುಳನ್ನು ಕಲಕಲು.

ಯಾವ ಮಾತ್ರೆ ಮೊದಲು ಇಳಿಯಬೇಕು

ನಿಯಮ ಸರಳ: ಕೈಕಾಲಿಗೆ ಕಡಿಮೆ ಉಪಕಾರ, ತಲೆಗೆ ಹೆಚ್ಚು ಅಪಕಾರ ಮಾಡುವುದು ಮೊದಲು ಹೋಗಲಿ. ಆ ಲೆಕ್ಕದಲ್ಲಿ ನಿಮ್ಮ ಪಟ್ಟಿಯ ಮೊದಲನೆಯದು ಪ್ಯಾಸಿಟೇನ್, ಅಂದರೆ ಟ್ರೈಹೆಕ್ಸಿಫೆನಿಡಿಲ್. ಮೊದಲೇ ಕಡಿಮೆಯಾಗಿರುವ ಅಸಿಟೈಲ್‌ಕೋಲಿನ್‌ಗೆ ಇದು ಮತ್ತಷ್ಟು ಅಡ್ಡ ಹಾಕುತ್ತದೆ. 70 ದಾಟಿದವರಿಗೆ ಇದನ್ನು ಮುಂದುವರಿಸಲು ನನಗಂತೂ ಕಾರಣ ಕಾಣುವುದಿಲ್ಲ. ವಾರಕ್ಕೆ ಅರ್ಧ ಮಾತ್ರೆಯಂತೆ, ಅಂದರೆ 1 ಮಿ.ಗ್ರಾಂ ಇಳಿಸುತ್ತ ಬಂದರೆ ನಾಲ್ಕು ವಾರಕ್ಕೆ ಮುಗಿಯುತ್ತದೆ. ನಡುಕ ತುಸು ಹೆಚ್ಚಬಹುದು.

ಎರಡನೆಯದು ಅಮಾಂಟಡಿನ್. ನಿಮ್ಮ ವಿವರದಲ್ಲಿ ದಿನಾಂಕವೇ ಸಾಕ್ಷಿ ಹೇಳುತ್ತಿದೆ: ಮೂರು ತಿಂಗಳ ಹಿಂದೆ ಸೇರಿತು, ಎರಡು ತಿಂಗಳಿಂದ ಮಕ್ಕಳು ಕಾಣುತ್ತಿದ್ದಾರೆ. ಕೊನೆಗೆ ಬಂದವನನ್ನು ಮೊದಲು ಅನುಮಾನಿಸು ಎನ್ನುವುದು ನಮ್ಮ ವೃತ್ತಿಯ ಹಳೆಯ ಪಾಠ. ಹಾಗಾಗಿ ಕೆಲವು ವೈದ್ಯರು ನಿಮ್ಮ ಸಂದರ್ಭದಲ್ಲಿ ಪ್ಯಾಸಿಟೇನ್‌ಗಿಂತ ಮೊದಲು ಇದನ್ನೇ ಇಳಿಸಿಯಾರು, ಅದೂ ಸರಿಯೇ. ಸಂಜೆಯದ್ದನ್ನು ಮೊದಲು ಬಿಡಿಸಿ, ಒಂದು ವಾರದ ಮೇಲೆ ಬೆಳಗಿನದು. ಒಮ್ಮೆಗೇ ನಿಲ್ಲಿಸಿದರೆ ಇದರಿಂದಲೇ ಸನ್ನಿ ಏರುವುದುಂಟು.

ಮೂರನೆಯದು ಪ್ರಾಮಿಪೆಕ್ಸೋಲ್. ರೋಪಿನಿರೋಲ್ ಇದ್ದರೂ ಇದೇ ಮಾತು. ವಯಸ್ಸಾದವರಲ್ಲಿ ಈ ಗುಂಪು ಲೆವೊಡೋಪಾಗಿಂತ ಹೆಚ್ಚು ಭ್ರಮೆ ತರುತ್ತದೆ. ಜೂಜು, ಅತಿಯಾದ ಖರ್ಚು, ಮಿತಿಮೀರಿದ ಕಾಮದಾಸೆಯನ್ನೂ ಕೆರಳಿಸುವುದುಂಟು. ಅಮ್ಮನ ಮೇಲಿನ ಅನುಮಾನಕ್ಕೂ ಇದಕ್ಕೂ ನಂಟಿದೆಯೇ ಎಂದು ತಾಯಿಯವರನ್ನು ಒಬ್ಬರೇ ಇರುವಾಗ, ಮೆಲ್ಲಗೆ, ಡಾಕ್ಟರು ಕೇಳಬೇಕು. ಇದನ್ನು ಹಲವು ವಾರ ತೆಗೆದುಕೊಂಡು ಇಳಿಸಬೇಕು. ಅವಸರ ಮಾಡಿದರೆ ಗಾಬರಿ, ಬೆವರು, ಜಿಗುಪ್ಸೆ, ಚಡಪಡಿಕೆ ಬರುತ್ತವೆ. ಅದನ್ನು ಹೊಸ ಹುಚ್ಚು ಎಂದು ತಿಳಿದು ಮತ್ತೊಂದು ಮಾತ್ರೆ ಸೇರಿಸುವ ಪ್ರಮಾದ ನಡೆಯುತ್ತದೆ. ಇಳಿಸಿದ್ದರಿಂದ ಕೈಕಾಲು ಹಿಡಿದುಕೊಂಡರೆ ಲೆವೊಡೋಪಾದಿಂದ ತುಂಬಿಸಿಕೊಡಬಹುದು. ಪ್ರಾಮಿಪೆಕ್ಸೋಲ್ 1 ಮಿ.ಗ್ರಾಂ ಎಂದರೆ ಸರಿಸುಮಾರು 100 ಮಿ.ಗ್ರಾಂ ಲೆವೊಡೋಪಾಗೆ ಸಮ. ನಿಮ್ಮ ಅಪ್ಪಯ್ಯನ 1.5 ಮಿ.ಗ್ರಾಂಗೆ ಹೆಚ್ಚೆಂದರೆ ದಿನಕ್ಕೆ ಒಂದೂವರೆ ಸಿಂಡೋಪಾ ಪ್ಲಸ್. ಪಟ್ಟಿಯಲ್ಲಿ ಸೆಲೆಜಿಲಿನ್, ರಸಾಜಿಲಿನ್, ಎಂಟಾಕಾಪೋನ್ ಇರುವವರಿಗೆ ಅವೂ ಲೆವೊಡೋಪಾಗಿಂತ ಮೊದಲೇ ಇಳಿಯುತ್ತವೆ.

ಕಟ್ಟಕಡೆಗೆ ಮುಟ್ಟುವುದು ಲೆವೊಡೋಪಾ. ಕೈಕಾಲನ್ನು ನಡೆಸುತ್ತಿರುವುದು ಅದು. ಎಷ್ಟೋ ಮನೆಗಳಲ್ಲಿ ಇದನ್ನೇ ಮೊದಲು ನಿಲ್ಲಿಸಿ ಪ್ಯಾಸಿಟೇನ್ ಮುಂದುವರಿಸಿರುತ್ತಾರೆ, ಕ್ರಮ ಪೂರ್ತಿ ತಲೆಕೆಳಗು. ಊಟಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ ಮುಂಚೆ ಕೊಡುವುದು, ಹಾಲು ಮತ್ತು ಬೇಳೆಯ ಜೊತೆ ಕೊಡದಿರುವುದು, ಹೊತ್ತು ತಪ್ಪಿಸದಿರುವುದು ಇವಿಷ್ಟು ಸರಿಯಾದರೆ ಕಡಿಮೆ ಡೋಸ್‌ನಲ್ಲೇ ನಡೆದುಹೋಗುವುದೂ ಇದೆ.

ಒಂದೊಂದು ಬದಲಾವಣೆಗೂ ಒಂದೆರಡು ವಾರ ಬಿಟ್ಟು ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ಗೊತ್ತಾಗದು. ಇದೆಲ್ಲ ನಿಮ್ಮ ನರರೋಗ ತಜ್ಞರು ಕೂತು ಮಾಡಬೇಕಾದ ಕೆಲಸ. ಕ್ರಮ ನಿಮಗೂ ತಿಳಿದಿರಲಿ ಎಂದಷ್ಟೇ ಬರೆದದ್ದು.

ಆದರೂ ಅಟ್ಟದವನು ಇಳಿಯದಿದ್ದರೆ

ಆಗ ಭ್ರಮೆಗೇ ಮದ್ದು ಬೇಕು. ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪಿನ್, ಕ್ಲೋರ್‌ಪ್ರೊಮಜಿನ್ ಇವೆಲ್ಲ ಡೋಪಮಿನ್ ಬಾಗಿಲನ್ನೇ ಮುಚ್ಚುವುದರಿಂದ ಪಾರ್ಕಿನ್‌ಸನ್ಸ್ ಇರುವವರಿಗೆ ಸಲ್ಲವು. ಉಳಿಯುವುದು ಬೆರಳೆಣಿಕೆಯಷ್ಟು.

ಹೆಚ್ಚಿನ ಕಡೆ ಮೊದಲು ಕೊಡುವುದು ಕ್ವೆಟಿಯಾಪಿನ್. ಮಲಗುವಾಗ 12.5 ಮಿ.ಗ್ರಾಂ, ಅಂದರೆ 25ರ ಅರ್ಧ ಮಾತ್ರೆ. ಕೆಲವು ದಿನಕ್ಕೊಮ್ಮೆ ಏರಿಸುತ್ತ 50ರ ಆಸುಪಾಸಿಗೆ ಬರುತ್ತೇವೆ, 100 ದಾಟುವುದು ಅಪರೂಪ. ಕೈಕಾಲು ಕೆಡಿಸುವುದಿಲ್ಲ, ನಿದ್ದೆ ಬರುತ್ತದೆ. ಆದರೆ ಸಂಶೋಧನೆಗಳಲ್ಲಿ ಇದರ ಬಲ ಅಷ್ಟಾಗಿ ರುಜುವಾತಾಗಿಲ್ಲ ಎನ್ನುವುದನ್ನೂ ಹೇಳಬೇಕು. ಸುಲಭವೆಂದು ಕೊಡುತ್ತೇವೆ, ಹಲವರಿಗೆ ಆಗಿಬರುತ್ತದೆ, ಕೆಲವರಿಗೆ ಬರೀ ನಿದ್ದೆ. ತೊಂದರೆ ಎಂದರೆ ಎದ್ದು ನಿಂತಾಗ ಬಿಪಿ ಕುಸಿಯುವುದು. ಶುರು ಮಾಡುವ ಮೊದಲು ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತಿಳಿಸಿ. ರಾತ್ರಿ ಮೂತ್ರಕ್ಕೆ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವುದು ಹೀಗೆಯೇ. ಮಂಚದ ಪಕ್ಕ ಮೂತ್ರದ ಬಾಟಲಿ ಇಡಿ.

ಬಲವಾದ ಆಧಾರವಿರುವ ಮದ್ದು ಕ್ಲೋಜಪಿನ್. 1999ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲೇ ಇದು ಕೈಕಾಲು ಕೆಡಿಸದೆ ಭ್ರಮೆ ಇಳಿಸುತ್ತದೆ ಎಂದು ತೋರಿತು. ಬೇಕಾಗುವುದು ಬಹಳ ಕಡಿಮೆ: 25ರ ಮಾತ್ರೆಯ ಕಾಲು ಭಾಗದಿಂದ ಶುರು, ಸಾಮಾನ್ಯವಾಗಿ 50 ಮಿ.ಗ್ರಾಂ ಒಳಗೇ ಕೆಲಸ ಮುಗಿಯುತ್ತದೆ. ಸ್ಕಿಜೋಫ್ರೇನಿಯಾಗೆ ಕೊಡುವುದು ಇದರ ಎಷ್ಟೋ ಪಟ್ಟು. ಹಾಗಿದ್ದೂ ಮೊದಲಿಗೇ ಏಕೆ ಕೊಡುವುದಿಲ್ಲವೆಂದರೆ, ಅಪರೂಪಕ್ಕೆ ಬಿಳಿ ರಕ್ತಕಣಗಳು ಕುಸಿಯುತ್ತವೆ. ಆದ್ದರಿಂದ ಮೊದಲ 18 ವಾರ ಪ್ರತಿ ವಾರ ರಕ್ತ ಪರೀಕ್ಷೆ, ಆಮೇಲೂ ಅದು ಅಂತರ ಹೆಚ್ಚಿಸಿಕೊಂಡು ಮುಂದುವರಿಯಬೇಕು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ 1500ಕ್ಕಿಂತ ಇಳಿದರೆ ಅಥವಾ ಗಂಟಲು ನೋವು, ಜ್ವರ ಬಂದರೆ ಅಂದೇ ಡಾಕ್ಟರಿಗೆ ಹೇಳಬೇಕು. ಮಲಬದ್ಧತೆ, ಜೊಲ್ಲು ಹೆಚ್ಚುತ್ತವೆ. ಹಳ್ಳಿಯಿಂದ ವಾರವಾರ ರಕ್ತ ಕೊಡಲು ಆಗುತ್ತದೆಯೇ ಎಂದು ಮೊದಲೇ ಯೋಚಿಸಿ. ಹತ್ತಿರದ ಲ್ಯಾಬಿನಲ್ಲಿ ಎಣಿಕೆ ಮಾಡಿಸಿ ವರದಿಯನ್ನು ವಾಟ್ಸಾಪ್‌ನಲ್ಲಿ ಕಳಿಸುವ ಏರ್ಪಾಟು ಡಾಕ್ಟರ ಜೊತೆ ಮಾಡಿಕೊಂಡರೆ ನಿಭಾಯಿಸಬಹುದು.

ನೆನಪಿನ ಶಕ್ತಿಯೂ ಕುಗ್ಗಿದ್ದರೆ ರಿವಾಸ್ಟಿಗ್ಮಿನ್ ಒಳ್ಳೆಯ ಆಯ್ಕೆ. 1.5 ಮಿ.ಗ್ರಾಂ ಎರಡು ಹೊತ್ತಿನಿಂದ ನಿಧಾನ ಏರಿಸುತ್ತಾರೆ, ಚರ್ಮಕ್ಕೆ ಅಂಟಿಸುವ ಪ್ಯಾಚ್ ಕೂಡ ಇದೆ. ಇದು ಅಸಿಟೈಲ್‌ಕೋಲಿನ್ ಹೆಚ್ಚಿಸುವ ಮದ್ದು. ಇದರ ಜೊತೆ ಪ್ಯಾಸಿಟೇನ್ ಕೊಡುವುದು ತೋಟಕ್ಕೆ ನೀರು ಬಿಟ್ಟು ಕಾಲುವೆಗೆ ಮಣ್ಣು ಹಾಕಿದ ಹಾಗೆ. ವಾಕರಿಕೆ, ತೂಕ ಇಳಿಯುವುದು, ನಾಡಿ ನಿಧಾನವಾಗುವುದು ಇದರ ತೊಂದರೆಗಳು, ಮೊದಲು ಇಸಿಜಿ ಬೇಕು. ಫಲ ಕಾಣಲು ವಾರಗಳು ಹಿಡಿಯುವುದರಿಂದ ಅಟ್ಟದವನ ತುರ್ತಿಗೆ ಇದೊಂದೇ ಸಾಲದು. ಅಮೆರಿಕದಲ್ಲಿ ಅಪ್ಪ ಅಮ್ಮನನ್ನು ಇಟ್ಟುಕೊಂಡಿರುವ ಕನ್ನಡಿಗರು ಪಿಮವಾನ್ಸೆರಿನ್ ಬಗ್ಗೆ ಕೇಳುತ್ತಿರುತ್ತಾರೆ. ಪಾರ್ಕಿನ್‌ಸನ್ಸ್ ಭ್ರಮೆಗೆಂದೇ 2016ರಲ್ಲಿ ಅಲ್ಲಿ ಅನುಮತಿ ಪಡೆದ ಮದ್ದು, ದಿನಕ್ಕೆ 34 ಮಿ.ಗ್ರಾಂ. ಡೋಪಮಿನ್ ಮುಟ್ಟದೆ ಸೆರೊಟೋನಿನ್ ಕಡೆಯಿಂದ ಕೆಲಸ ಮಾಡುತ್ತದೆ. ನಾಲ್ಕರಿಂದ ಆರು ವಾರ ಕಾಯಬೇಕು, ಹೃದಯದ ಲಯದ ಮೇಲೆ ನಿಗಾ ಬೇಕು.

ಮರೆವಿನ ಕಾಯಿಲೆಯಿರುವ ವೃದ್ಧರಿಗೆ ಭ್ರಮೆಯ ಮದ್ದು ಕೊಟ್ಟಾಗ ಸಾವಿನ ಅಪಾಯ ತುಸು ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಸಿದೆ. ಹಾಗಾಗಿ ಇವು ಜೀವನಪರ್ಯಂತದ ಮಾತ್ರೆಗಳೆಂದುಕೊಳ್ಳಬೇಡಿ. ಎರಡು ಮೂರು ತಿಂಗಳಿಗೊಮ್ಮೆ 'ಇನ್ನೂ ಬೇಕೇ?' ಎಂದು ಕೇಳಿ. ಕ್ವೆಟಿಯಾಪಿನ್, ಡೊಂಪೆರಿಡೋನ್, ಅಜಿತ್ರೊಮೈಸಿನ್ ಮೂರೂ ಒಟ್ಟಿಗೆ ಬಿದ್ದರೆ ಹೃದಯದ ಲಯ ತಪ್ಪಬಹುದು. ಹೊಸ ಚೀಟಿ ಬಂದಾಗಲೆಲ್ಲ ಹಳೆಯದನ್ನು ತೋರಿಸಿ.

ಅವರೊಡನೆ ಮಾತಾಡುವ ಬಗೆ

ವಾದ ಹೂಡಬೇಡಿ. ಹೌದೆಂದು ತಲೆಯಾಡಿಸಿ ಮಕ್ಕಳಿಗೆ ತಟ್ಟೆ ಇಡುವುದೂ ಬೇಡ. 'ಅಪ್ಪಯ್ಯ, ನಿಮಗೆ ಕಾಣ್ತಾ ಇದೆ, ನನಗೆ ಕಾಣ್ತಿಲ್ಲ. ಡಾಕ್ಟರು ಇದು ಕಾಯಿಲೆಯಿಂದ ಅಂದಿದ್ದಾರೆ' ಎಂದು ಹೇಳಿ, ದೀಪ ಹಾಕಿ, ಜಗಲಿಯಿಂದ ಒಳಗೆ ಕರೆತನ್ನಿ. ಬೆಳಕು ಬದಲಾದರೆ, ಕಣ್ಣು ಬೇರೆ ಕಡೆ ತಿರುಗಿದರೆ ಎಷ್ಟೋ ಸಲ ಮಕ್ಕಳು ಹೊರಟುಹೋಗುತ್ತಾರೆ. ಮಲಗುವ ಕೋಣೆಯ ಜೀರೋ ಬಲ್ಬ್ ತೆಗೆದುಹಾಕಿ. ಅದರ ಕೆಂಪು ಹಸಿರು ಮಬ್ಬಿನಲ್ಲಿ ನೆರಳುಗಳೇ ಹೆಚ್ಚು. ಸಂಜೆ ಐದಕ್ಕೇ ಬಿಳಿ ದೀಪ ಹಾಕಿ. ಹೂಬಳ್ಳಿಯ ಪರದೆ, ಗೂಟದ ಅಂಗಿ, ರಾತ್ರಿ ಪ್ರತಿಬಿಂಬ ಹೊಡೆಯುವ ಕಿಟಕಿ ಗಾಜು, ಮಂಚದೆದುರಿನ ಕನ್ನಡಿ ಇವನ್ನು ಒಮ್ಮೆ ಅವರು ಮಲಗುವ ಜಾಗದಲ್ಲೇ ಮಲಗಿ ನೋಡಿ, ಯಾವುದು ಏನಾಗಿ ಕಾಣುತ್ತದೆ ಎಂದು ಗೊತ್ತಾಗುತ್ತದೆ. ಕಣ್ಣಿನ ಪೊರೆ ಮಾಗಿದ್ದರೆ ಶಸ್ತ್ರಚಿಕಿತ್ಸೆ ಮುಂದೂಡಬೇಡಿ.

ಅನುಮಾನದ ಮಾತಿಗೆ ಅಮ್ಮ ಆಣೆ ಪ್ರಮಾಣ ಮಾಡಿ ರುಜುವಾತು ಕೊಡಲು ಹೋಗಬಾರದು. ಅಟ್ಟ ಹತ್ತಿಸಿ ತೋರಿಸಿದರೆ 'ಈಗ ಕೊಟ್ಟಿಗೆಗೆ ಕಳಿಸಿದ್ದೀಯ' ಅನ್ನುತ್ತಾರೆ, ಅಷ್ಟೇ. 'ನಿಮಗೆ ಸಂಕಟ ಆಗ್ತಿದೆ, ನಾನು ಇಲ್ಲೇ ಇದ್ದೇನೆ' ಎನ್ನುವಷ್ಟು ಸಾಕು. ಮಾತು ಏರಿದರೆ ಅಮ್ಮ ಆ ಜಾಗ ಬಿಟ್ಟು ಏಳಲಿ, ಇನ್ನೊಬ್ಬರು ಬರಲಿ.

ಕತ್ತಿ, ಕೊಡಲಿ ಕಣ್ಣಿಗೆ ಬೀಳದ ಕಡೆ ಇಡಿ. ಮಲೆನಾಡಿನ ಮನೆಯೆಂದ ಮೇಲೆ ಕೋವಿ ಇದ್ದೀತು. ಇದ್ದರೆ ಅದನ್ನು ಈ ವಾರವೇ ಮನೆಯಿಂದ ಹೊರಗೆ, ಕಾನೂನಿನ ಪ್ರಕಾರ ಠೇವಣಿ ಇಡಿಸಿ. ಹೆಂಡತಿಯ ಮೇಲೆ ಅನುಮಾನ, ಮನೆಯಲ್ಲಿ ಕೋವಿ, ಎರಡೂ ಒಂದೇ ಸೂರಿನಡಿ ಇರಕೂಡದು.

ಮಾತ್ರೆಯಲ್ಲಿ ವಿಷ ಹಾಕಿದ್ದೀರಿ ಎಂದು ಅವರು ಉಗುಳಿದರೆ ಸಾರಿನಲ್ಲಿ ಬೆರೆಸಿ ಕೊಡುವ ಆಸೆ ಬರುತ್ತದೆ. ಸಿಕ್ಕಿಬಿದ್ದರೆ ಅನುಮಾನಕ್ಕೆ ಸಾಕ್ಷಿ ನೀವೇ ಕೊಟ್ಟಂತೆ. ನಿಧಾನವಾಗಿ ಬಿಡುಗಡೆಯಾಗುವ ಸಿಆರ್ ಮಾತ್ರೆಗಳನ್ನು ಪುಡಿ ಮಾಡಲೂ ಬಾರದು. ಅವರು ನಂಬುವ ಒಬ್ಬರ ಕೈಯಿಂದ ಕೊಡಿಸಿ, ಅವರೆದುರೇ ಪಟ್ಟಿಯಿಂದ ಒಡೆದು.

ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಬೇಕಾಗಿ ಬಂದರೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೇಸ್ ಶೀಟಿಗೆ ಅಂಟಿಸಲು ಹೇಳಿ: 'ಪಾರ್ಕಿನ್‌ಸನ್ಸ್ ರೋಗಿ. ಹ್ಯಾಲೋಪೆರಿಡಾಲ್, ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಲೆವೊಸಲ್ಪಿರೈಡ್ ಕೊಡಬಾರದು. ಲೆವೊಡೋಪಾ ಹೊತ್ತಿಗೆ ಸರಿಯಾಗಿ ಕೊಡಬೇಕು.' ವಾಂತಿಗೆ ಪೆರಿನಾರ್ಮ್, ತಲೆಸುತ್ತಿಗೆ ಸ್ಟೆಮೆಟಿಲ್, ಗ್ಯಾಸಿಗೆ ಕೊಡುವ ಕ್ಯಾಪ್ಸೂಲ್‌ಗಳಲ್ಲಿ ಅಡಗಿರುವ ಲೆವೊಸಲ್ಪಿರೈಡ್ ಇವೂ ಹ್ಯಾಲೋಪೆರಿಡಾಲ್‌ನ ನೆಂಟರೇ. ತಲೆಸುತ್ತಿನ ಸಿನ್ನರಿಜಿನ್, ಅರೆತಲೆನೋವಿನ ಫ್ಲುನರಿಜಿನ್ ಕೂಡ ಬೇಡ.

ತೋರಿಸುವುದು ಎಲ್ಲಿ? ನರರೋಗ ತಜ್ಞರೂ ಮನೋವೈದ್ಯರೂ ಒಂದೇ ಸೂರಿನಡಿ ಸಿಗುವ ಕಡೆಗಳೆಂದರೆ ಬೆಂಗಳೂರಿನ ನಿಮ್ಹಾನ್ಸ್, ವೈದ್ಯಕೀಯ ಕಾಲೇಜು ಆಸ್ಪತ್ರೆಗಳು. ನಿಮಗೆ ಶಿವಮೊಗ್ಗ ಹತ್ತಿರ, ಮಣಿಪಾಲವೂ ದೂರವಲ್ಲ. ಹೋಗುವ ಮುನ್ನ ಏಳು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಮಾತ್ರೆ ಎಷ್ಟು ಗಂಟೆಗೆ, ಊಟ ಎಷ್ಟಕ್ಕೆ, ಕೈಕಾಲು ಯಾವಾಗ ಹಿಡಿದುಕೊಂಡಿತು, ಮಕ್ಕಳು ಯಾವಾಗ ಬಂದರು, ಅಮ್ಮನಿಗೆ ಬೈದದ್ದು ಎಷ್ಟು ಹೊತ್ತಿಗೆ, ನಿದ್ದೆ ಎಷ್ಟು, ಹೊಟ್ಟೆ ಹೋದದ್ದು ಯಾವಾಗ. ಹತ್ತು ನಿಮಿಷದ ಭೇಟಿಯಲ್ಲಿ ಡಾಕ್ಟರಿಗೆ ಸ್ಕ್ಯಾನಿಗಿಂತ ಹೆಚ್ಚು ಹೇಳುವುದು ಆ ನೋಟ್‌ಬುಕ್ಕು. ನಿದ್ದೆಯಲ್ಲಿ ಕೂಗುವುದು, ಒದೆಯುವುದು ಇದ್ದರೆ ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ, ಅದಕ್ಕೆ ಬೇರೆ ಚಿಕಿತ್ಸೆಯಿದೆ.

ಮತ್ತು ಅಮ್ಮ. ಐವತ್ತು ವರ್ಷ ಸಂಸಾರ ಮಾಡಿದವರ ಬಾಯಲ್ಲಿ ಈ ಮಾತು ಕೇಳಿ ಅವರು ಕುಗ್ಗಿಹೋಗಿದ್ದಾರೆ. ಇದು ಕಾಯಿಲೆಯ ಮಾತು, ಅವರ ಮಾತಲ್ಲ ಎಂದು ನೀವು ಹೇಳಿದರೆ ಒಂದು ತೂಕ, ಡಾಕ್ಟರು ಹೇಳಿದರೆ ಇನ್ನೊಂದು. ಹಾಗಾಗಿ ಈ ಸಲ ಅಮ್ಮನನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಹೇಳಿಸಿ. ವಾರಕ್ಕೆ ಎರಡು ರಾತ್ರಿಯಾದರೂ ಬೇರೆ ಯಾರಾದರೂ ಅಪ್ಪಯ್ಯನ ಪಕ್ಕ ಮಲಗಿ ಅಮ್ಮ ಇನ್ನೊಂದು ಕೋಣೆಯಲ್ಲಿ ಪೂರ್ತಿ ನಿದ್ದೆ ಮಾಡುವಂತೆ ನೋಡಿಕೊಳ್ಳಿ. ಅವರಿಗೆ ಮನಸ್ಸು ತೀರಾ ಭಾರವಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹೆಸರು ಹೇಳಬೇಕೆಂದೂ ಇಲ್ಲ.